ರೋಗಿಯ ಪಕ್ಕದಲ್ಲಿ ಸದ್ದಿಲ್ಲದೆ ಬಳಲುವವರು

ಮನೆಯಲ್ಲಿ ಹಿರಿಯರೊಬ್ಬರು ಹಾಸಿಗೆ ಹಿಡಿದರೆಂಬ ಸುದ್ದಿ ತಿಳಿದೊಡನೆ ನೆಂಟರಿಷ್ಟರೂ ನೆರೆಹೊರೆಯವರೂ ನೋಡಲು ಬರುತ್ತಾರೆ. ಹಣ್ಣು, ಬಿಸ್ಕತ್ತಿನ ಪೊಟ್ಟಣ ತರುತ್ತಾರೆ. ಮಂಚದ ಬದಿಯಲ್ಲಿ ಕುಳಿತು ಕ್ಷೇಮ ಸಮಾಚಾರ ಕೇಳುತ್ತಾರೆ, ಒಂದು ಪ್ರಾರ್ಥನೆ ಹೇಳುತ್ತಾರೆ. ಹೊರಡುವಾಗ ಮಗಳಿಗೋ ಸೊಸೆಗೋ “ಚೆನ್ನಾಗಿ ನೋಡಿಕೊಳ್ಳಿ” ಎಂದು ಹೇಳಿ ಹೋಗುತ್ತಾರೆ. ಇದು ನಮ್ಮ ಒಳ್ಳೆಯ ಸಂಪ್ರದಾಯ. ಆದರೆ ನೋಡಿಕೊಳ್ಳುವವರು ಹೇಗಿದ್ದಾರೆ, ನಿನ್ನೆ ರಾತ್ರಿ ಅವರಿಗೆ ಎಷ್ಟು ಹೊತ್ತು ನಿದ್ರೆ ದೊರಕಿತು ಎಂದು ಕೇಳುವ ವಾಡಿಕೆ ನಮ್ಮಲ್ಲಿ ಇನ್ನೂ ಬೆಳೆದಿಲ್ಲ.

‘ಒತ್ತಡ’ ಎಂಬ ಮಾತು ಇಂದು ಎಲ್ಲರ ಬಾಯಲ್ಲೂ ಇದೆ. ವಿದ್ಯಾರ್ಥಿಗೆ ಪರೀಕ್ಷೆಯ ಒತ್ತಡ, ನೌಕರನಿಗೆ ಕಚೇರಿಯ ಒತ್ತಡ, ವ್ಯಾಪಾರಿಗೆ ಸಾಲದ ಒತ್ತಡ. ಇವುಗಳ ಕುರಿತು ಭಾಷಣಗಳಾಗುತ್ತವೆ, ಶಿಬಿರಗಳು ನಡೆಯುತ್ತವೆ. ಆದರೆ ಮನೆಯ ನಾಲ್ಕು ಗೋಡೆಗಳ ನಡುವೆ, ವರ್ಷಾನುಗಟ್ಟಲೆ, ರೋಗಿಯ ಆರೈಕೆ ಮಾಡುವವರು ಅನುಭವಿಸುವ ಒತ್ತಡದ ಬಗೆಗೆ ಮಾತನಾಡುವವರು ವಿರಳ. ಅದನ್ನು ಕರ್ತವ್ಯವೆಂದೂ ಪ್ರೀತಿಯೆಂದೂ ಕರೆದು ನಾವು ಸುಮ್ಮನಾಗುತ್ತೇವೆ. ಕರ್ತವ್ಯವೂ ಹೌದು, ಪ್ರೀತಿಯೂ ಹೌದು. ಆದರೆ ಅದು ದೇಹವನ್ನೂ ಮನಸ್ಸನ್ನೂ ಸವೆಸಬಲ್ಲ ದುಡಿಮೆಯೂ ಹೌದು. ಈ ವಾರ ಆ ಕುರಿತು ಒಂದಿಷ್ಟು ಚಿಂತಿಸೋಣ.

ಒತ್ತಡವೆಂದರೇನು?

ದೇಹಕ್ಕೆ ಅಪಾಯ ಎದುರಾದಾಗ ಅದು ತನ್ನನ್ನು ತಾನೇ ಸಿದ್ಧಗೊಳಿಸಿಕೊಳ್ಳುತ್ತದೆ ಎಂಬುದನ್ನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ ಅವರು ತಮ್ಮ 1915ರ ಗ್ರಂಥದಲ್ಲಿ ವಿವರಿಸಿದರು. ಹಾದಿಯಲ್ಲಿ ಹಾವು ಕಂಡಿತೆನ್ನಿ. ಮೂತ್ರಪಿಂಡಗಳ ಮೇಲ್ಭಾಗದಲ್ಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆ ಬಡಿತ ಏರುತ್ತದೆ, ಉಸಿರಾಟ ಚುರುಕಾಗುತ್ತದೆ, ರಕ್ತದಲ್ಲಿ ಸಕ್ಕರೆಯ ಅಂಶ ಹೆಚ್ಚುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ. ಹೋರಾಡುವುದಕ್ಕೋ ಓಡುವುದಕ್ಕೋ ದೇಹ ಅಣಿಯಾಗುತ್ತದೆ. ಹಾವು ಪೊದೆಯೊಳಗೆ ಮರೆಯಾದ ಮೇಲೆ ಎಲ್ಲವೂ ಮೊದಲಿನ ಸ್ಥಿತಿಗೆ ಬರುತ್ತದೆ. ಇಂಥ ಕ್ಷಣಿಕ ಒತ್ತಡ ನಮ್ಮ ಶತ್ರುವಲ್ಲ, ರಕ್ಷಕ.

ಅಪಾಯವು ಸರಿದುಹೋಗದೆ ದಿನವೂ ಎದುರಿಗೇ ನಿಂತರೆ ಏನಾದೀತು? ಈ ಪ್ರಶ್ನೆಗೆ ದಾರಿ ತೋರಿದವರು ವಿಯೆನ್ನಾದಲ್ಲಿ ಹುಟ್ಟಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಸಂಶೋಧನೆ ನಡೆಸಿದ ಹ್ಯಾನ್ಸ್ ಸೆಲ್ಯೆ. 1936ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅವರ ಪುಟ್ಟ ಬರಹವೊಂದು ವೈದ್ಯಲೋಕದ ಗಮನ ಸೆಳೆಯಿತು. ಇಲಿಗಳನ್ನು ಚಳಿಗೆ, ಗಾಯಕ್ಕೆ, ಅತಿ ಶ್ರಮಕ್ಕೆ, ವಿಷವಸ್ತುಗಳಿಗೆ ಒಡ್ಡಿದಾಗ, ಕಾರಣ ಯಾವುದೇ ಇರಲಿ, ಅವುಗಳ ದೇಹದಲ್ಲಿ ಒಂದೇ ಬಗೆಯ ಬದಲಾವಣೆಗಳು ಕಂಡವು: ಅಡ್ರಿನಲ್ ಗ್ರಂಥಿಗಳು ಊದಿದ್ದವು, ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಥೈಮಸ್ ಗ್ರಂಥಿ ಕುಗ್ಗಿತ್ತು, ಜಠರದಲ್ಲಿ ಹುಣ್ಣುಗಳಾಗಿದ್ದವು. ಮೊದಲು ಎಚ್ಚರಿಕೆ, ನಂತರ ತಾಳಿಕೆ, ಕೊನೆಗೆ ಬಳಲಿಕೆ ಎಂಬ ಮೂರು ಹಂತಗಳನ್ನು ಅವರು ಗುರುತಿಸಿದರು.

ಸೆಲ್ಯೆ ಅವರ ಎಲ್ಲ ವಿಚಾರಗಳೂ ಕಾಲದ ಪರೀಕ್ಷೆಯಲ್ಲಿ ಹಾಗೆಯೇ ಉಳಿದಿಲ್ಲ. ಮನುಷ್ಯರ ಹೊಟ್ಟೆಹುಣ್ಣಿಗೆ ಒತ್ತಡವೇ ಮೂಲ ಎಂಬ ನಂಬಿಕೆ ಬಹುಕಾಲ ಇತ್ತು. ಬಹುಪಾಲು ಹುಣ್ಣುಗಳಿಗೆ ಒಂದು ಬಗೆಯ ಬ್ಯಾಕ್ಟೀರಿಯಾ ಕಾರಣವೆಂದು ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ತೋರಿಸಿಕೊಟ್ಟು 2005ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಆದುದರಿಂದ ಎಲ್ಲ ಕಾಯಿಲೆಗಳನ್ನೂ ಒತ್ತಡದ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ದೀರ್ಘಕಾಲದ ಒತ್ತಡವು ದೇಹವನ್ನು ಸವೆಸುತ್ತದೆಂಬ ಮೂಲ ವಿಚಾರಕ್ಕೆ ಆಮೇಲಿನ ಅಧ್ಯಯನಗಳು ಬಲ ನೀಡಿವೆ. ಅಂಥವುಗಳಲ್ಲಿ ಒಂದು, ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರ ಕುರಿತಾದದ್ದೇ ಆಗಿದೆ.

ಒಂಬತ್ತು ದಿನಗಳ ಅಂತರ

ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾನಿಲಯದ ಜಾನಿಸ್ ಕೀಕಾಲ್ಟ್-ಗ್ಲೇಸರ್ ಮತ್ತು ಸಂಗಡಿಗರು 1995ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಒಂದು ಸರಳವಾದ ಅಧ್ಯಯನವನ್ನು ಪ್ರಕಟಿಸಿದರು. ಮರೆವಿನ ರೋಗಕ್ಕೆ ತುತ್ತಾದ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಮಂದಿ ಮಹಿಳೆಯರನ್ನೂ, ಅದೇ ವಯಸ್ಸಿನ, ಅಂಥ ಹೊಣೆಯಿಲ್ಲದ ಇನ್ನು 13 ಮಂದಿಯನ್ನೂ ಅವರು ಆರಿಸಿಕೊಂಡರು. ಎಲ್ಲರ ಮುಂಗೈಯಲ್ಲೂ ಮೂರೂವರೆ ಮಿಲಿಮೀಟರಿನಷ್ಟು ಚಿಕ್ಕ ಗಾಯ ಮಾಡಿ, ಅದು ಎಷ್ಟು ದಿನಗಳಲ್ಲಿ ಮಾಯುತ್ತದೆಂದು ನೋಡಿದರು. ಹೊಣೆಯಿಲ್ಲದವರ ಗಾಯ ಸರಾಸರಿ 39 ದಿನಗಳಲ್ಲಿ ಮಾಯಿತು. ಆರೈಕೆ ಮಾಡುವವರ ಗಾಯ ಮಾಯಲು ಸುಮಾರು 49 ದಿನಗಳು ಬೇಕಾದವು. ಅಂತರ ಒಂಬತ್ತು ದಿನಗಳಿಗಿಂತ ಹೆಚ್ಚು. ಮನಸ್ಸಿನ ಭಾರ ಚರ್ಮದ ಮೇಲಿನ ಗಾಯವನ್ನೂ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕೆ?

1999ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ರಿಚರ್ಡ್ ಷುಲ್ಟ್ಸ್ ಮತ್ತು ಸ್ಕಾಟ್ ಬೀಚ್ ಎಂಬವರು ಪ್ರಕಟಿಸಿದ ಇನ್ನೊಂದು ಅಧ್ಯಯನ ಇನ್ನಷ್ಟು ಗಂಭೀರವಾದುದು. ಅಸ್ವಸ್ಥ ಪತಿಯನ್ನೋ ಪತ್ನಿಯನ್ನೋ ನೋಡಿಕೊಳ್ಳುತ್ತಿದ್ದ, 66 ವರ್ಷ ಮೇಲ್ಪಟ್ಟವರನ್ನು ಅವರು ನಾಲ್ಕು ವರ್ಷಗಳವರೆಗೆ ಗಮನಿಸಿದರು. ಆರೈಕೆಯಿಂದ ಬಳಲಿಕೆ ಅನುಭವಿಸುತ್ತಿದ್ದವರಲ್ಲಿ ಸಾವಿನ ಪ್ರಮಾಣ, ಅಂಥ ಹೊಣೆ ಇಲ್ಲದವರಿಗಿಂತ ಶೇಕಡಾ 63ರಷ್ಟು ಹೆಚ್ಚಾಗಿತ್ತು. ಆದರೆ ಆರೈಕೆ ಮಾಡುತ್ತಿದ್ದೂ ಬಳಲಿಕೆ ಅನುಭವಿಸದವರಲ್ಲಿ ಇಂಥ ಹೆಚ್ಚಳ ಕಂಡುಬರಲಿಲ್ಲ. 2013ರಲ್ಲಿ ಹೊರಬಂದ, ಮೂರು ಸಾವಿರಕ್ಕೂ ಮಿಕ್ಕಿದ ಆರೈಕೆದಾರರ ಅಧ್ಯಯನವಂತೂ, ಒಟ್ಟಾರೆಯಾಗಿ ನೋಡಿದರೆ ಆರೈಕೆ ಮಾಡುವವರು ಇತರರಿಗಿಂತ ಕಡಮೆಯೇನೂ ಬದುಕುವುದಿಲ್ಲ, ತುಸು ಹೆಚ್ಚೇ ಬದುಕುತ್ತಾರೆ ಎಂದು ತೋರಿಸಿತು.

ಈ ಎರಡು ಮಾತುಗಳನ್ನು ಜೊತೆಗಿಟ್ಟು ನೋಡಿದಾಗ ನಮಗೊಂದು ಸತ್ಯ ಹೊಳೆಯುತ್ತದೆ. ಸೇವೆ ಮಾಡುವುದು ಮನುಷ್ಯನನ್ನು ಕೊಲ್ಲುವುದಿಲ್ಲ. ವಿಶ್ರಾಂತಿಯೂ ನೆರವೂ ಇಲ್ಲದೆ, ಶಕ್ತಿಮೀರಿ ಬಳಲುತ್ತ ಮಾಡುವ ಸೇವೆಯಲ್ಲಿಯೇ ಅಪಾಯವಿದೆ. ಹಾಗಾದರೆ ಪರಿಹಾರ ಸೇವೆಯನ್ನು ಬಿಡುವುದರಲ್ಲಿಲ್ಲ. ಅದರ ಭಾರವನ್ನು ಹಂಚಿಕೊಳ್ಳುವುದರಲ್ಲಿದೆ.

ಈ ಒತ್ತಡ ಏಕೆ ಬೇರೆ?

ಪರೀಕ್ಷೆಗೆ ಒಂದು ದಿನಾಂಕವಿದೆ. ಮದುವೆಯ ಓಡಾಟ ಮದುವೆಯೊಂದಿಗೆ ಮುಗಿಯುತ್ತದೆ. ಹಾಸಿಗೆ ಹಿಡಿದವರ ಆರೈಕೆಗೆ ಕೊನೆಯ ದಿನಾಂಕವಿಲ್ಲ. ಪಾರ್ಶ್ವವಾಯು ಬಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಹೊತ್ತುಹೊತ್ತಿಗೆ ಗಂಜಿ, ಮಾತ್ರೆ, ಬಟ್ಟೆ ಬದಲಾವಣೆ, ಸ್ನಾನ, ಶೌಚ. ರಾತ್ರಿ ಕರೆದರೆ ಏಳಬೇಕು. ಇದಕ್ಕೆ ಭಾನುವಾರವೂ ಇಲ್ಲ, ಹಬ್ಬದ ರಜೆಯೂ ಇಲ್ಲ.

ಮರೆವಿನ ರೋಗವಿದ್ದರೆ ಕಷ್ಟ ಇಮ್ಮಡಿ. ಕೇಳಿದ್ದನ್ನೇ ಹತ್ತು ಸಲ ಕೇಳುವುದು, ಊಟ ಮಾಡಿದ ಅರ್ಧ ಗಂಟೆಗೆ “ನನಗೆ ಊಟ ಕೊಟ್ಟಿಲ್ಲ” ಎಂದು ಬಂದವರೆದುರು ದೂರುವುದು, ಸಂಜೆಯಾದೊಡನೆ “ನನ್ನನ್ನು ಮನೆಗೆ ಕರೆದುಕೊಂಡು ಹೋಗಿ” ಎಂದು ತನ್ನದೇ ಮನೆಯ ಬಾಗಿಲಲ್ಲಿ ಹಟ ಹಿಡಿಯುವುದು, ಚಿನ್ನ ಕದ್ದಿದ್ದಾಳೆಂದು ಸೊಸೆಯನ್ನೇ ಸಂಶಯಿಸುವುದು, ಇವೆಲ್ಲ ಆ ರೋಗದ ಲಕ್ಷಣಗಳೇ ಹೊರತು ಸ್ವಭಾವದ ಕೆಡುಕಲ್ಲ. ಆದರೆ ಹಗಲಿರುಳು ಕೇಳಿಸಿಕೊಳ್ಳುವವರಿಗೆ ಅದನ್ನು ನೆನಪಿನಲ್ಲಿಟ್ಟುಕೊಳ್ಳುವುದು ಸುಲಭವಲ್ಲ. ಇಂಥ ರೋಗಿಗಳ ಕುಟುಂಬಗಳಿಗಾಗಿ ಅಮೆರಿಕದಲ್ಲಿ 1981ರಲ್ಲಿ ನ್ಯಾನ್ಸಿ ಮೇಸ್ ಮತ್ತು ಪೀಟರ್ ರೇಬಿನ್ಸ್ ಬರೆದ ಪುಸ್ತಕದ ಹೆಸರೇ ‘36 ಗಂಟೆಗಳ ದಿನ’ ಎಂಬುದು. ಆರೈಕೆ ಮಾಡಿದವರಿಗೆ ಆ ಹೆಸರಿನ ಅರ್ಥವನ್ನು ವಿವರಿಸಬೇಕಾಗಿಲ್ಲ.

ನಮ್ಮ ದೇಶದಲ್ಲಿ ಇಂಥವರು ಕಡಮೆ ಇದ್ದಾರೆಂದು ಭಾವಿಸಬೇಡಿ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಪ್ರಕಾರ, ಭಾರತದಲ್ಲಿ 60 ವರ್ಷ ಮೇಲ್ಪಟ್ಟವರಲ್ಲಿ ಶೇಕಡಾ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಹಿರಿಯರಿಗೆ, ಮರೆವಿನ ರೋಗವಿದೆ. ಇವರಲ್ಲಿ ಬಹುಮಂದಿಯ ಆರೈಕೆ ನಡೆಯುವುದು ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿಯೇ. ಹಿಂದಿನ ಅವಿಭಕ್ತ ಕುಟುಂಬದಲ್ಲಿ ಈ ಕೆಲಸಕ್ಕೆ ಹಲವು ಕೈಗಳಿದ್ದವು. ಇಂದು ನಮ್ಮ ಅನೇಕ ಮನೆಗಳಲ್ಲಿ ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲೋ ಮುಂಬಯಿ, ಬೆಂಗಳೂರುಗಳಲ್ಲೋ ನೆಲೆಸಿದ್ದಾರೆ. ಊರಿನಲ್ಲಿ ಉಳಿದವರು ಒಬ್ಬ ಮಗಳು, ಇಲ್ಲವೆ ಒಬ್ಬ ಸೊಸೆ, ಇಲ್ಲವೆ ತಾನೂ ಎಪ್ಪತ್ತು ದಾಟಿದ ಪತ್ನಿ. ದೂರದಿಂದ ಹಣ ಬರುತ್ತದೆ, ಫೋನಿನಲ್ಲಿ ಸಲಹೆಗಳೂ ಬರುತ್ತವೆ. ಆದರೆ ರಾತ್ರಿ ಎರಡು ಗಂಟೆಗೆ ಏಳುವ ಕೈಗಳು ಎರಡೇ.

ಇನ್ನೊಂದು ನೋವು ಮಾತಿಗೆ ನಿಲುಕದ್ದು. ತನ್ನನ್ನು ಹೆತ್ತು ಬೆಳೆಸಿದ ತಾಯಿ ಕಣ್ಣೆದುರಿಗಿದ್ದಾಳೆ. ಆದರೆ ಮಗಳ ಹೆಸರು ಅವಳಿಗೆ ನೆನಪಿಲ್ಲ. ಸತ್ತವರಿಗಾಗಿ ಅಳಲು ನಮ್ಮಲ್ಲಿ ಕ್ರಮವಿದೆ, ಏಳನೆಯ ದಿನದ ಪೂಜೆಯಿದೆ, ಸಂತೈಸಲು ಜನರಿದ್ದಾರೆ. ಬದುಕಿದ್ದೂ ಕಳೆದುಹೋದವರಿಗಾಗಿ ಅಳಲು ಯಾವ ಕ್ರಮವೂ ಇಲ್ಲ.

ಎಚ್ಚರಿಕೆಯ ಗುರುತುಗಳು

ಬಳಲಿಕೆ ಒಂದೇ ದಿನದಲ್ಲಿ ಬರುವುದಿಲ್ಲ. ಸಾಲದ ಬಡ್ಡಿಯಂತೆ ಸದ್ದಿಲ್ಲದೆ ಬೆಳೆಯುತ್ತದೆ. ಮಲಗಿದರೂ ನಿದ್ರೆ ಬಾರದಿರುವುದು, ಬೆಳಗ್ಗೆ ಎದ್ದಾಗಲೇ ಸುಸ್ತು, ಪದೇ ಪದೇ ತಲೆನೋವು, ಕುತ್ತಿಗೆ ಮತ್ತು ಸೊಂಟದ ನೋವು, ಹಸಿವು ಕಡಮೆಯಾಗುವುದು ಅಥವಾ ಸುಮ್ಮನೆ ತಿನ್ನುತ್ತಲೇ ಇರುವುದು, ಮೇಲಿಂದ ಮೇಲೆ ನೆಗಡಿ, ಹತೋಟಿಯಲ್ಲಿದ್ದ ರಕ್ತದೊತ್ತಡವೋ ಸಕ್ಕರೆ ಕಾಯಿಲೆಯೋ ಹತೋಟಿ ತಪ್ಪುವುದು, ಇವು ದೇಹ ಹೇಳುವ ಮಾತುಗಳು. ಚಿಕ್ಕ ಮಾತಿಗೆ ರೇಗುವುದು, ಕಾರಣವಿಲ್ಲದೆ ಅಳು ಬರುವುದು, ಮಕ್ಕಳೊಡನೆ ನಗುವುದನ್ನೇ ಮರೆಯುವುದು, ಬಂದವರನ್ನು ಕಂಡರೆ ಬೇಸರ, ಪೂಜೆಗೆ ಹೋಗಲೂ ಮನಸ್ಸಿಲ್ಲದಿರುವುದು, ಇವು ಮನಸ್ಸು ಹೇಳುವ ಮಾತುಗಳು. ತಮ್ಮ ಸ್ವಂತ ಔಷಧ, ತಮ್ಮ ಸ್ವಂತ ಪರೀಕ್ಷೆಗಳನ್ನು ಮುಂದೂಡುತ್ತ ಹೋಗುವುದು ಆರೈಕೆ ಮಾಡುವವರಲ್ಲಿ ಸಾಮಾನ್ಯವಾಗಿ ಕಾಣುವ, ಆದರೆ ತುಂಬ ಅಪಾಯಕಾರಿಯಾದ ಅಭ್ಯಾಸ.

‘ಇದು ನಿಮ್ಮ ಶಿಲುಬೆ’ ಎನ್ನುವ ಮುನ್ನ

ಈ ಬಳಲಿಕೆಗೆ ನಮ್ಮ ಕುಟುಂಬಗಳಲ್ಲಿ ಇನ್ನೊಂದು ಹೊರೆಯೂ ಸೇರಿಕೊಳ್ಳುತ್ತದೆ. ಅದು ಅಪರಾಧ ಪ್ರಜ್ಞೆ. ರೋಗಿಯ ಮೇಲೆ ಒಮ್ಮೆ ಸಿಟ್ಟಾದರೆ ವಾರವಿಡೀ ಪಶ್ಚಾತ್ತಾಪ. “ದೇವರು ಇವರನ್ನು ಬೇಗ ಕರೆದುಕೊಳ್ಳಬಾರದೆ” ಎಂಬ ಯೋಚನೆ ಮಿಂಚಿನಂತೆ ಸುಳಿದರೆ, ತಾನೆಂಥ ಪಾಪಿಯೆಂಬ ಸಂಕಟ. ಒಂದು ದಿನ ನೆಂಟರ ಮದುವೆಗೆ ಹೋಗಿ ನಕ್ಕು ಬಂದರೆ, ತಪ್ಪು ಮಾಡಿದ ಭಾವ. ಇಂಥ ಭಾವನೆಗಳು ದೀರ್ಘಕಾಲ ಆರೈಕೆ ಮಾಡುವ ಯಾರಲ್ಲಿಯೂ ಬರಬಹುದಾದವು. ದಣಿದ ಮನಸ್ಸಿನಲ್ಲಿ ತಾನಾಗಿ ಸುಳಿಯುವ ಯೋಚನೆ ಬೇರೆ, ಮನಸಾರೆ ಕೇಡು ಬಯಸುವುದು ಬೇರೆ. ಅಂಥ ಯೋಚನೆ ಪ್ರೀತಿ ಬತ್ತಿದೆ ಎನ್ನುವುದಕ್ಕೆ ಸಾಕ್ಷಿಯಲ್ಲ. ಶಕ್ತಿ ಬತ್ತುತ್ತಿದೆ ಎನ್ನುವುದಕ್ಕೆ ಸಾಕ್ಷಿ.

“ಇದು ದೇವರು ನಿಮಗೆ ಕೊಟ್ಟ ಶಿಲುಬೆ, ಹೊರಬೇಕು” ಎಂದು ಸಂತೈಸುವವರು ನಮ್ಮಲ್ಲಿ ಅನೇಕರಿದ್ದಾರೆ. ಮಾತಿನ ಹಿಂದಿರುವ ಸದಾಶಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ತಪಸ್ಸುಕಾಲದಲ್ಲಿ ನಾವು ಮೊಣಕಾಲೂರಿ ಧ್ಯಾನಿಸುವ ಶಿಲುಬೆಯ ಹಾದಿಯ ಐದನೆಯ ಸ್ಥಾನವನ್ನು ಅವರು ನೆನಪಿಸಿಕೊಳ್ಳುವುದು ಒಳ್ಳೆಯದು. ಯೇಸುವಿನ ಶಿಲುಬೆಯನ್ನು ಹೊರಲು ಅಲ್ಲಿ ಸಿರೇನಿನ ಸಿಮೋನನನ್ನು ಕರೆತರಲಾಯಿತು. ಶಿಲುಬೆಯ ಹಾದಿಯಲ್ಲಿ ಕೂಡ ಹೆಗಲು ಕೊಡುವವನಿಗೆ ಒಂದು ಸ್ಥಾನವಿದೆ. ಹೊರುವವರಿಗೆ ಉಪದೇಶ ಮಾಡುವುದಕ್ಕಿಂತ, ಸ್ವಲ್ಪ ದೂರ ಸಿಮೋನನಾಗಿ ನಡೆಯುವುದು ಮೇಲು.

ಆರೈಕೆ ಮಾಡುವವರಿಗೆ ಕೆಲವು ಮಾತು

ಒತ್ತಡವನ್ನು ಎದುರಿಸುವ ಬಗೆಯನ್ನು ಕುರಿತು ರಿಚರ್ಡ್ ಲಜಾರಸ್ ಮತ್ತು ಸೂಸನ್ ಫೋಕ್‌ಮನ್ ಎಂಬ ಮನಶ್ಶಾಸ್ತ್ರಜ್ಞರು 1984ರಲ್ಲಿ ಒಂದು ಗ್ರಂಥ ರಚಿಸಿದರು. ಅವರು ಎರಡು ದಾರಿಗಳನ್ನು ಬೇರ್ಪಡಿಸಿ ತೋರಿಸಿದರು. ಒಂದು, ಬದಲಾಯಿಸಬಹುದಾದ ಕಷ್ಟವನ್ನು ಬದಲಾಯಿಸುವುದು. ಇನ್ನೊಂದು, ಬದಲಾಯಿಸಲಾಗದ ಕಷ್ಟದೆದುರು ನಮ್ಮ ಮನಸ್ಸನ್ನು ಸಂಭಾಳಿಸಿಕೊಳ್ಳುವುದು. ತಂದೆಯ ಪಾರ್ಶ್ವವಾಯುವನ್ನು ನಾವು ಬದಲಾಯಿಸಲಾರೆವು. ಆದರೆ ರಾತ್ರಿ ಯಾರು ಏಳಬೇಕೆಂಬುದನ್ನು ಬದಲಾಯಿಸಬಹುದು. ಇವೆರಡನ್ನೂ ಬೇರೆಬೇರೆಯಾಗಿ ಕಾಣುವುದೇ ಮೊದಲ ಹೆಜ್ಜೆ.

ನಿದ್ರೆ: ಎಲ್ಲಕ್ಕಿಂತ ಮೊದಲು ಇದಕ್ಕೆ ಗಮನ ಕೊಡಬೇಕು. ವಾರದಲ್ಲಿ ಎರಡು ರಾತ್ರಿಯಾದರೂ ಬೇರೊಬ್ಬರು ರೋಗಿಯ ಕೋಣೆಯಲ್ಲಿ ಮಲಗುವಂತೆ ಏರ್ಪಾಡು ಮಾಡಿಕೊಳ್ಳಿ. ಅದು ಸಾಧ್ಯವಾಗದಿದ್ದರೆ ಮಧ್ಯಾಹ್ನ ರೋಗಿ ಮಲಗಿದಾಗ ನೀವೂ ಮಲಗಿ, ಪಾತ್ರೆಗಳು ಕಾಯಲಿ. ನಿದ್ರೆಗಾಗಿ ವೈದ್ಯರನ್ನು ಕೇಳದೆ ಮಾತ್ರೆ ನುಂಗುವುದು, ಪುರುಷರು ಬೇಸರ ಕಳೆಯಲು ಮದ್ಯದ ಮೊರೆಹೋಗುವುದು, ಎರಡೂ ಇಂದಿನ ಭಾರವನ್ನು ನಾಳೆಗೆ ಇಮ್ಮಡಿಯಾಗಿಸುವ ದಾರಿಗಳು.

ನಡಿಗೆ: ದಿನಕ್ಕೆ ಅರ್ಧ ಗಂಟೆ ಮನೆಯಿಂದ ಹೊರಗೆ ನಡೆಯಿರಿ. ಹೋರಾಡಲು ಇಲ್ಲವೆ ಓಡಲು ಅಣಿಯಾದ ದೇಹ ಓಡಲಾರದೆ ಕೋಣೆಯಲ್ಲಿಯೇ ಸಿಕ್ಕಿಕೊಂಡಿದೆ. ಅದಕ್ಕೆ ನಡಿಗೆಯೇ ಬಿಡುಗಡೆ. ಚರ್ಚಿಗೆ, ಅಂಗಡಿಗೆ, ನೆರೆಮನೆಗೆ, ಎಲ್ಲಿಗಾದರೂ ಸರಿ.

ಉಸಿರಾಟ ಮತ್ತು ಪ್ರಾರ್ಥನೆ: ನಾವು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಉಸಿರು ನಿಧಾನವಾದಂತೆ ಹೃದಯದ ಬಡಿತವೂ ಶಾಂತವಾಗುತ್ತದೆ. 2001ರ ಡಿಸೆಂಬರಿನಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪತ್ರಿಕೆಯಲ್ಲಿ ಇಟಲಿಯ ಲುಚಿಯಾನೊ ಬೆರ್ನಾರ್ಡಿ ಮತ್ತು ಸಂಗಡಿಗರ ಅಧ್ಯಯನವೊಂದು ಪ್ರಕಟವಾಯಿತು. ಅವರು 23 ಮಂದಿ ಆರೋಗ್ಯವಂತರಿಂದ ಜಪಸರದ ‘ನಮೋ ಮರಿಯಾ’ ಪ್ರಾರ್ಥನೆಯನ್ನು ಲ್ಯಾಟಿನ್ ಭಾಷೆಯಲ್ಲಿಯೂ, ಬೌದ್ಧರ ಮಂತ್ರವೊಂದನ್ನೂ ಹೇಳಿಸಿದರು. ಎರಡರಲ್ಲಿಯೂ ಉಸಿರಾಟ ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ರಕ್ತದೊತ್ತಡವನ್ನು ಸರಿದೂಗಿಸುವ ದೇಹದ ವ್ಯವಸ್ಥೆ ಹೆಚ್ಚು ಚೆನ್ನಾಗಿ ಕೆಲಸ ಮಾಡಿತು. ವೈದ್ಯರು ಅಳೆದದ್ದು ದೇಹವನ್ನು ಮಾತ್ರ. ಪ್ರಾರ್ಥನೆಯ ಬೆಲೆ ಅಷ್ಟಕ್ಕೇ ಸೀಮಿತವೆಂದು ಯಾರೂ ತಿಳಿಯಬೇಕಾಗಿಲ್ಲ. ಆದರೆ ರೋಗಿಯ ಮಂಚದ ಬಳಿ ಕುಳಿತು ಅವಸರವಿಲ್ಲದೆ ಒಂದು ದಶಕ ಜಪಸರ ಹೇಳುವವರು ತಮ್ಮ ಹೃದಯಕ್ಕೂ ಉಪಕಾರ ಮಾಡಿಕೊಳ್ಳುತ್ತಾರೆ ಎನ್ನಲು ಅಡ್ಡಿಯಿಲ್ಲ. ಐವತ್ತೂ ಮಣಿಗಳನ್ನು ಅವಸರದಲ್ಲಿ ಮುಗಿಸುವುದಕ್ಕಿಂತ ಹತ್ತು ಮಣಿಗಳನ್ನು ನಿಧಾನವಾಗಿ ಹೇಳುವುದರಲ್ಲಿ ಆ ಲಾಭ ಹೆಚ್ಚು.

ವಾದ ಬೇಡ: ಮರೆವಿನ ರೋಗಿಯೊಡನೆ ಸರಿ ತಪ್ಪಿನ ಚರ್ಚೆ ವ್ಯರ್ಥ. “ಇದೇ ನಿಮ್ಮ ಮನೆ” ಎಂದು ನೂರು ಸಲ ಸಾಧಿಸುವ ಬದಲು “ಹೋಗೋಣ, ಮೊದಲು ಚಹಾ ಕುಡಿಯೋಣ” ಎನ್ನಿ. ಊಟ, ಸ್ನಾನ, ನಿದ್ರೆಗಳನ್ನು ದಿನವೂ ಒಂದೇ ಹೊತ್ತಿಗೆ ಇರಿಸಿಕೊಂಡರೆ ರೋಗಿಯ ಗೊಂದಲವೂ ನಿಮ್ಮ ದಣಿವೂ ಕಡಮೆಯಾಗುತ್ತದೆ. ಸಿಟ್ಟು ಮಿತಿಮೀರಿತೆನಿಸಿದರೆ, ರೋಗಿ ಸುರಕ್ಷಿತವಾಗಿರುವುದನ್ನು ನೋಡಿಕೊಂಡು, ಐದು ನಿಮಿಷ ಕೋಣೆಯಿಂದ ಹೊರಗೆ ಬನ್ನಿ.

ಮನೆಯವರೆಲ್ಲರೂ ಒಂದು ದಿನ ಕುಳಿತುಕೊಳ್ಳಲಿ

ಆರೈಕೆಯ ಭಾರ ಒಬ್ಬರ ಮೇಲೆಯೇ ಬೀಳುವುದು ಅನೇಕ ಸಲ ಯಾರ ದುರುದ್ದೇಶದಿಂದಲೂ ಅಲ್ಲ. ಅದನ್ನು ಯಾರೂ ಲೆಕ್ಕ ಹಾಕದಿರುವುದರಿಂದ. ಆದುದರಿಂದ ಕುಟುಂಬದವರೆಲ್ಲರೂ ಒಂದು ಸಂಜೆ ಒಟ್ಟಿಗೆ ಕುಳಿತು, ಬೆಳಗ್ಗಿನಿಂದ ರಾತ್ರಿಯವರೆಗಿನ ಎಲ್ಲ ಕೆಲಸಗಳನ್ನೂ ಒಂದು ಹಾಳೆಯಲ್ಲಿ ಬರೆಯಲಿ. ದೂರದಲ್ಲಿರುವವರು ಫೋನಿನಲ್ಲಿ ಸೇರಿಕೊಳ್ಳಲಿ. ಬರೆದ ಮೇಲೆ ಪ್ರತಿಯೊಂದರ ಮುಂದೆ ಅದನ್ನು ಮಾಡುವವರ ಹೆಸರನ್ನು ಬರೆಯಿರಿ. ಒಂದೇ ಹೆಸರು ಹಾಳೆಯ ಉದ್ದಕ್ಕೂ ಬಂದಾಗ ಬಹಳಷ್ಟು ಮಾತು ಹೇಳದೆಯೇ ಅರ್ಥವಾಗುತ್ತದೆ.

ಔಷಧ ತರುವುದು, ಬಿಲ್ಲು ಕಟ್ಟುವುದು, ಆಸ್ಪತ್ರೆಗೆ ಕರೆದೊಯ್ಯುವುದು, ವಾರಕ್ಕೊಂದು ರಾತ್ರಿ ಕಾಯುವುದು, ತಂದೆಗೆ ಕ್ಷೌರ ಮಾಡಿಸಿ ಸ್ನಾನ ಮಾಡಿಸುವುದು, ಇವು ಗಂಡುಮಕ್ಕಳು ಮಾಡಬಾರದ ಕೆಲಸಗಳೇನಲ್ಲ. ಮೊಮ್ಮಕ್ಕಳು ಅಜ್ಜಿಗೆ ಪತ್ರಿಕೆ ಓದಿ ಹೇಳಬಲ್ಲರು. ಪರವೂರಿನಲ್ಲಿರುವ ಮಕ್ಕಳು ಹಣ ಕಳುಹಿಸುವುದರ ಜೊತೆಗೆ, ತಮ್ಮ ವಾರ್ಷಿಕ ರಜೆಯ ಎರಡು ವಾರಗಳನ್ನು ಪೂರ್ತಿಯಾಗಿ ತಂದೆತಾಯಿಯ ಆರೈಕೆಗೆ ಕೊಟ್ಟು, ಊರಿನಲ್ಲಿರುವ ಅಕ್ಕನನ್ನೋ ಅತ್ತಿಗೆಯನ್ನೋ ವಿಶ್ರಾಂತಿಗೆ ಕಳುಹಿಸಲಿ. ಆ ಎರಡು ವಾರ ಮುಗಿಯುವಾಗ ಫೋನಿನಲ್ಲಿ ಕೊಡುತ್ತಿದ್ದ ಸಲಹೆಗಳು ತಾವಾಗಿಯೇ ಕಡಮೆಯಾಗುವುದುಂಟು. ಹೋಮ್ ನರ್ಸ್ ಇರಿಸಿಕೊಳ್ಳುವ ಅನುಕೂಲ ಎಲ್ಲರಿಗೂ ಇಲ್ಲ. ಇರುವವರು ಅದನ್ನು ಪ್ರೀತಿಯ ಕೊರತೆಯೆಂದು ಭಾವಿಸಿ ಹಿಂಜರಿಯಬೇಕಾಗಿಲ್ಲ. ರೋಗಿಯ ಶುಚಿತ್ವದ ಕೆಲಸವನ್ನು ಬೇರೊಬ್ಬರು ಮಾಡಿದರೆ, ಮಗಳಿಗೆ ಮಗಳಾಗಿ ತಾಯಿಯ ಬಳಿ ಕುಳಿತುಕೊಳ್ಳಲು ಹೊತ್ತು ದೊರೆಯುತ್ತದೆ.

ಧರ್ಮಕೇಂದ್ರ ಏನು ಮಾಡಬಹುದು?

ನೆರೆಹೊರೆಯವರು ಮನಸ್ಸು ಮಾಡಿದರೆ ಏನಾಗಬಹುದೆಂಬುದಕ್ಕೆ ಉದಾಹರಣೆಗಳನ್ನು ಹುಡುಕಿ ನಾವು ದೂರ ಹೋಗಬೇಕಾಗಿಲ್ಲ. ಕೇರಳದ ಕೋಝಿಕ್ಕೋಡಿನಲ್ಲಿ 1993ರಲ್ಲಿ ಆರಂಭವಾದ ನೋವು ಉಪಶಮನ ಸೇವಾ ಸಂಘದಿಂದ ಬೆಳೆದ ಚಳವಳಿ, ತರಬೇತಿ ಪಡೆದ ಊರ ಜನರನ್ನೇ ರೋಗಿಗಳ ಮನೆಬಾಗಿಲಿಗೆ ಕಳುಹಿಸಿತು. 2008ರಲ್ಲಿ ಕೇರಳ ಸರಕಾರ ಅದನ್ನು ರಾಜ್ಯದ ನೀತಿಯನ್ನಾಗಿ ಅಂಗೀಕರಿಸಿತು. ನಮ್ಮ ನೆರೆಯ ಗೋವೆಯಲ್ಲಿ ಮರೆವಿನ ರೋಗಿಗಳಿರುವ 81 ಕುಟುಂಬಗಳ ಅಧ್ಯಯನವೊಂದನ್ನು ವೈದ್ಯ ಅಮಿತ್ ಡಾಯಸ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದರು. ತರಬೇತಿ ಪಡೆದ ಸ್ಥಳೀಯರು ಮನೆಗೆ ಬಂದು, ರೋಗದ ಬಗೆಗೆ ತಿಳಿಸಿ, ಆರೈಕೆ ಮಾಡುವವರ ಮಾತನ್ನು ಕಿವಿಗೊಟ್ಟು ಕೇಳಿದರು. ಆರು ತಿಂಗಳ ನಂತರ ನೋಡಿದಾಗ, ಅಂಥ ನೆರವು ದೊರೆತ ಮನೆಗಳಲ್ಲಿ ಆರೈಕೆ ಮಾಡುವವರ ಮಾನಸಿಕ ಆರೋಗ್ಯ ಸುಧಾರಿಸಿತ್ತು. ಇದಕ್ಕೆ ದೊಡ್ಡ ಆಸ್ಪತ್ರೆ ಬೇಕಾಗಲಿಲ್ಲ, ದುಬಾರಿ ಯಂತ್ರ ಬೇಕಾಗಲಿಲ್ಲ.

ನಮ್ಮ ಧರ್ಮಕೇಂದ್ರಗಳಲ್ಲಿ ವಾರ್ಡುಗಳಿವೆ, ಗುರಿಕಾರರಿದ್ದಾರೆ, ಮಹಿಳಾ ಸಂಘಟನೆಗಳಿವೆ, ಯುವಕ ಯುವತಿಯರಿದ್ದಾರೆ. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡೆರಿಕ್ ಒಝನಾಮ್ ಮತ್ತು ಗೆಳೆಯರು ಆರಂಭಿಸಿದ ಸಂತ ವಿನ್ಸೆಂಟ್ ದ ಪಾವ್ಲ್ ಸಭೆಯ ಮೂಲ ಕೆಲಸವೇ ಮನೆಮನೆಗೆ ಹೋಗಿ ಕಷ್ಟದಲ್ಲಿರುವವರನ್ನು ಕಾಣುವುದು. ಪ್ರತಿ ವಾರ್ಡಿನಲ್ಲಿ ಹಾಸಿಗೆ ಹಿಡಿದವರಿರುವ ಮನೆಗಳ ಪಟ್ಟಿಯೊಂದನ್ನು ಮಾಡಿ, ಭಾನುವಾರ ಪೂಜೆಯ ಹೊತ್ತಿಗೆ ಇಬ್ಬರು ಸರದಿಯಂತೆ ಆ ಮನೆಯಲ್ಲಿ ಕುಳಿತುಕೊಂಡರೆ ಸಾಕು. ತಿಂಗಳುಗಟ್ಟಲೆ ಚರ್ಚಿನ ಮುಖ ನೋಡದ ಸೊಸೆಯೊಬ್ಬಳು ಪೂಜೆಗೆ ಬರುತ್ತಾಳೆ. ಫೆಬ್ರವರಿ 11ನ್ನು ಅಸ್ವಸ್ಥರ ವಿಶ್ವದಿನವನ್ನಾಗಿ ಜಗದ್ಗುರು ಎರಡನೆಯ ಜಾನ್ ಪೌಲರು ಗೊತ್ತುಪಡಿಸಿದ್ದು 1992ರಲ್ಲಿ. 1993ರಿಂದ ಅದನ್ನು ಆಚರಿಸಲಾಗುತ್ತಿದೆ. ಆ ದಿನ ರೋಗಿಗಳಿಗಾಗಿ ಪ್ರಾರ್ಥಿಸುವಾಗ, ಅವರ ಗಾಲಿಕುರ್ಚಿಯ ಹಿಂದೆ ನಿಂತವರಿಗಾಗಿಯೂ ಒಂದು ಪ್ರಾರ್ಥನೆ ಇರಲಿ, ಪೂಜೆಯ ನಂತರ ಅವರೊಡನೆ ನಾಲ್ಕು ಮಾತೂ ಇರಲಿ.

ವೈದ್ಯರ ನೆರವು ಯಾವಾಗ?

ಎರಡು ವಾರಗಳಿಗೂ ಮಿಕ್ಕಿ ಮನಸ್ಸು ಕುಗ್ಗಿಯೇ ಇದ್ದರೆ, ಯಾವುದರಲ್ಲಿಯೂ ಆಸಕ್ತಿ ಇಲ್ಲದಿದ್ದರೆ, ಊಟ ನಿದ್ರೆಗಳು ಕೆಟ್ಟಿದ್ದರೆ, ರೋಗಿಗೆ ಹೊಡೆಯುವ ಮಟ್ಟಕ್ಕೆ ಸಿಟ್ಟು ಬರುತ್ತಿದ್ದರೆ, ಬದುಕೇ ಬೇಡವೆನಿಸಿದರೆ, ತಡಮಾಡದೆ ವೈದ್ಯರನ್ನು ಕಾಣಬೇಕು. ಮನೋವೈದ್ಯರ ಬಳಿಗೆ ಹೋಗುವುದು ಹುಚ್ಚಿನ ಗುರುತೆಂಬ ಹಳೆಯ ತಪ್ಪು ಕಲ್ಪನೆಯನ್ನು ನಾವು ಬಿಡಬೇಕಾಗಿದೆ. ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಸೇವೆಗೆ 14416 ಎಂಬ ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಈ ಸೇವೆಯ ಮುಖ್ಯ ಕೇಂದ್ರವಾಗಿದೆ. ಕನ್ನಡದಲ್ಲಿಯೇ ಮಾತನಾಡಬಹುದು. ಹಿರಿಯ ನಾಗರಿಕರಿಗೆ ಸಂಬಂಧಿಸಿದ ನೆರವಿಗಾಗಿ 14567 ಎಂಬ ಸಂಖ್ಯೆ ಇದೆ.

ಕಾನೂನು ಕೂಡ ಈಗ ಈ ನೋವನ್ನು ಗುರುತಿಸುತ್ತದೆ. ಆತ್ಮಹತ್ಯೆಗೆ ಯತ್ನಿಸಿದ ವ್ಯಕ್ತಿ ತೀವ್ರ ಒತ್ತಡಕ್ಕೆ ಒಳಗಾಗಿದ್ದನೆಂದೇ ಭಾವಿಸಬೇಕು, ಆತನಿಗೆ ಶಿಕ್ಷೆಯ ಬದಲು ಆರೈಕೆ ದೊರೆಯಬೇಕು ಎಂಬುದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯ ಆಶಯ. ಕಾನೂನು ತೋರುವಷ್ಟು ಅನುಕಂಪವನ್ನಾದರೂ ನಾವು ನಮ್ಮ ಮನೆಯವರಿಗೆ, ನಮಗೆ ನಾವೇ, ತೋರಬೇಡವೆ?

ಹೆತ್ತವರನ್ನು ಗೌರವಿಸಬೇಕೆಂಬ ಕಟ್ಟಳೆ ಒಬ್ಬ ಮಗಳಿಗೆ ಮಾತ್ರ ಕೊಟ್ಟದ್ದಲ್ಲ, ಒಬ್ಬ ಸೊಸೆಗೆ ಮಾತ್ರ ಕೊಟ್ಟದ್ದೂ ಅಲ್ಲ. ಅದು ಇಡೀ ಕುಟುಂಬಕ್ಕೆ ಸೇರಿದ್ದು. ಆದುದರಿಂದ ಈ ಅಂಕಣವನ್ನು ಓದಿ ಮುಗಿಸಿದವರಲ್ಲಿ ನಮ್ಮದೊಂದು ಸಣ್ಣ ವಿನಂತಿ. ನಿಮ್ಮ ಬಂಧುಗಳಲ್ಲಿ, ನಿಮ್ಮ ವಾರ್ಡಿನಲ್ಲಿ, ಇಂಥ ಹೊಣೆ ಹೊತ್ತವರು ಯಾರಿದ್ದಾರೆಂದು ನೆನಪಿಸಿಕೊಳ್ಳಿ. “ಏನಾದರೂ ಬೇಕಿದ್ದರೆ ಹೇಳಿ” ಎಂದು ಕೇಳಬೇಡಿ, ಅವರು ಹೇಳುವುದಿಲ್ಲ. “ಬುಧವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ನಾನು ಬಂದು ಕುಳಿತುಕೊಳ್ಳುತ್ತೇನೆ, ನೀವು ಮಲಗಿ” ಎಂದು ಹೇಳಿ. ಹೇಳಿದಂತೆ ಆ ಹೊತ್ತಿಗೆ ಹೋಗಿ.